ಕೋಣೆಯ ಗಾಳಿಯನ್ನು ಬರೆದಿಟ್ಟ ವರ್ಷಗಳು

ನನ್ನ ಕೆಲಸ ಏನು ಎಂದು ಕೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಉತ್ತರ ಒಂದೇ: ಜನರ ಮನೆಯೊಳಗಿನ ಧೂಳು ತರುವುದು. ಹೆಚ್ಚಿನವರು ನಗುತ್ತಿದ್ದರು. ನನ್ನ ಅತ್ತೆ ನಗುತ್ತಿರಲಿಲ್ಲ. "ಕಾಲೇಜು ಓದಿ ಕಂಡವರ ಮನೆ ಧೂಳು ಹೊರೂದಾ?" ಎಂದು ನಿಜವಾಗಿಯೂ ನೊಂದುಕೊಳ್ಳುತ್ತಿದ್ದರು. ಬೆಳಂಬಾರದಿಂದ ಅಂಕೋಲೆಗೆ ಒಂದು ಬಸ್ಸು, ಅಂಕೋಲೆಯಿಂದ ಕಾರವಾರಕ್ಕೆ ಇನ್ನೊಂದು. ಹೆಗಲಿಗೊಂದು ಚೀಲ, ಅದರೊಳಗೆ ಮುಚ್ಚಳವಿರುವ ಗಾಜಿನ ತಟ್ಟೆಗಳು. ನಿವೃತ್ತಿಯಾಗುವ ತನಕ ಹಾಗೆಯೇ ಓಡಾಡಿದೆ.

ಈಗ ನಮ್ಮ ಪ್ರಯೋಗಾಲಯಕ್ಕೆ ಇಬ್ಬರು ಹುಡುಗಿಯರು ಹೊಸದಾಗಿ ಟೆಕ್ನಿಶಿಯನ್ ಆಗಿ ಸೇರಿದ್ದಾರೆ. ಮೊನ್ನೆ ಮನೆಗೆ ಬಂದಿದ್ದರು. "ಅಕ್ಕಾ, ತಟ್ಟೆ ಹಿಡಿಯೂದು, ಯಂತ್ರ ನಡೆಸೂದು ಎಲ್ಲ ಹೇಳಿಕೊಟ್ಟಿದ್ದಾರೆ. ಆದರೆ ಒಂದೊಂದು ಕೋಣೆಗೂ ಅಷ್ಟುದ್ದದ ಫಾರ್ಮು ಯಾಕೆ ತುಂಬಬೇಕು ಅಂತ ಮಾತ್ರ ಯಾರೂ ಹೇಳ್ಲಿಲ್ಲ" ಎಂದರು. ಕಿಟಕಿ ಎಷ್ಟು, ತೆರೆದಿತ್ತೋ ಮುಚ್ಚಿತ್ತೋ, ನೆಲ ಮಣ್ಣಿನದೋ ಸಿಮೆಂಟಿನದೋ, ಗುಡಿಸಿ ಎಷ್ಟು ಹೊತ್ತಾಯಿತು, ಮಲಗುವವರು ಎಷ್ಟು ಜನ, ಕೊನೆಗೆ ಮಾಡಿನ ಕೆಳಗೆ, ಅಟ್ಟದ ಮೇಲೆ ಏನಿಟ್ಟಿದ್ದಾರೆ. ಎರಡು ಪುಟ. ಅದಕ್ಕೆ ಉತ್ತರ ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಪ್ರಯೋಗಾಲಯದ ಮುಖ್ಯಸ್ಥರು ಮಧುಕರ ಸರ್. ಕಾರವಾರದವರೇ. ಸಿಟ್ಟು ಬಂದರೆ ಕೊಂಕಣಿ, ಖುಷಿಯಾದರೂ ಕೊಂಕಣಿ, ನಡುವಿನ ಹೊತ್ತಿನಲ್ಲಿ ಮಾತ್ರ ಕನ್ನಡ. ಮೊದಲ ದಿನ ನನ್ನನ್ನು ಮೇಜಿನ ಎದುರು ಕೂರಿಸಿ ಒಂದು ತಟ್ಟೆಯ ಮುಚ್ಚಳ ತೆಗೆದಿಟ್ಟರು. ಅದರೊಳಗೆ ಸಮುದ್ರದ ಪಾಚಿಯಿಂದ ತೆಗೆದ ಅಗರ್ ಎಂಬ ಲೋಳೆ ಹೆಪ್ಪುಗಟ್ಟಿ ಕೂತಿತ್ತು, ಒಂದು ಕಲೆಯೂ ಇಲ್ಲದೆ. ಅಷ್ಟರಲ್ಲಿ ಚಹಾ ಬಂತು. ನನ್ನ ಊರು, ಮನೆ, ಗಂಡ ಏನು ಮಾಡುತ್ತಾನೆ ಎಂದೆಲ್ಲ ವಿಚಾರಿಸಿದರು. ಚಹಾ ಮುಗಿದ ಮೇಲೆ ಮುಚ್ಚಳ ಹಾಕಿ ತಟ್ಟೆಯನ್ನು ಇನ್‌ಕ್ಯುಬೇಟರಿನಲ್ಲಿ ಇಟ್ಟರು. ಹೇಂಟೆ ಮೊಟ್ಟೆಗೆ ಕಾವು ಕೊಟ್ಟ ಹಾಗೆ ತಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆ ಅದು.

ಮೂರನೆಯ ದಿನ ತೆಗೆದು ನನ್ನ ಕೈಗೆ ಕೊಟ್ಟರು. ಖಾಲಿಯಾಗಿದ್ದ ತಟ್ಟೆಯ ತುಂಬ ಚುಕ್ಕೆಗಳು. ಒಂದು ಹತ್ತಿಯ ಹಾಗೆ ಬೆಳ್ಳಗೆ ಉಬ್ಬಿದೆ, ಒಂದು ಮಖಮಲ್ಲಿನಂತೆ ಹಸಿರು, ಒಂದು ಅರಿಶಿನದ ಬೊಟ್ಟು, ಇನ್ನೊಂದು ಹವಳದ ಬಣ್ಣ.

"ಎಲ್ಲಿಂದ ಬಂತು ಸರ್ ಇದೆಲ್ಲ?"

"ಎಲ್ಲಿಂದಲೂ ಬರಲಿಲ್ಲ. ಇಲ್ಲೇ ಇತ್ತು. ನೀನು ಊರಿನ ಸುದ್ದಿ ಹೇಳ್ತಾ ಇದ್ದಾಗ ನಿನ್ನ ಉಸಿರೊಳಗೂ ಹೋಯಿತು, ತಟ್ಟೆಗೂ ಬಿತ್ತು. ತಟ್ಟೆ ತೋರಿಸಿತು, ಅಷ್ಟೇ."

ಆ ಸಂಜೆ ಬಸ್ಸಿನಲ್ಲಿ ಕೂತು ಉಸಿರಾಡುವಾಗಲೆಲ್ಲ ಅದೇ ನೆನಪು. ಹೆದರಿಕೆ ಆಗಲಿಲ್ಲ. ಜನ ತುಂಬಿದ ಮನೆಯೊಳಗೆ ಇಷ್ಟು ವರ್ಷ ಯಾರನ್ನೂ ಮಾತಾಡಿಸದೆ ಓಡಾಡಿಕೊಂಡಿದ್ದೆನಲ್ಲ ಎಂಬಂಥ ಒಂದು ಬೆರಗು. ನನ್ನ ಕೆಲಸ ಬೇಸರ ಹಿಡಿಸಿದ ದಿನಗಳಲ್ಲೂ ಆ ಬೆರಗು ಪೂರ್ತಿ ಹೋಗಲಿಲ್ಲ.

ನಮ್ಮದು ಮನೆಗಳ ಒಳಗಿನ ಸೂಕ್ಷ್ಮಜೀವಿಗಳ ಅಧ್ಯಯನ. ಕಿನ್ನರ, ತೋಡೂರು, ಬೆಳಂಬಾರ ಹೀಗೆ ಕೆಲವು ಊರುಗಳಲ್ಲಿ ಒಪ್ಪಿದ ಮನೆಗಳಿಗೆ ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ಹೋಗಿ ಗಾಳಿ, ಧೂಳು ತರಬೇಕು. ಕಿನ್ನರದಲ್ಲಿ ಕಾಳಿ ಹೊಳೆಯ ಕಡೆಗೆ ಒಂದು ಮನೆ. ನಮ್ಮ ಪಟ್ಟಿಯಲ್ಲಿ ಅದು ಹದಿನಾಲ್ಕನೆಯದು. ಆ ಮನೆಯ ಸೊಸೆಯನ್ನು ದೇವಕಿ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಬರೆಯಲೇ ಎಂದು ಅವಳನ್ನು ಕೇಳಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾನು ಮೊದಲ ಸಲ ಹೋದಾಗ ಅವಳು ಮದುವೆಯಾಗಿ ಬಂದು ವರ್ಷವೂ ಆಗಿರಲಿಲ್ಲ.

ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದರು. "ನಮ್ಮನಿ ಗಲೀಜದೆ ಅಂತ ಯಾರ್ ಹೇಳ್ದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ ಅಮ್ಮ. ನಮ್ಮನೆಯಲ್ಲೂ ಅದೆ, ಕಾರವಾರದ ದೊಡ್ಡ ಆಸ್ಪತ್ರೆಯಲ್ಲೂ ಅದೆ. ಎಲ್ಲಿ ಯಾವ್ದು ಎಷ್ಟದೆ ಅಂತ ನೋಡೂದು, ಅಷ್ಟೇ."

ಒಳಗೆ ಬಿಟ್ಟರು. ಆದರೆ ನಾವು ಬರುವ ಸುದ್ದಿ ಮೊದಲೇ ತಿಳಿದು ಬೆಳಿಗ್ಗೆ ಇಡೀ ಮನೆ ಗುಡಿಸಿ ಸಾರಿಸಿ ಫಿನಾಯಿಲ್ ಹಾಕಿಸಿದ್ದರು. ನಾನು ಮೂಗಿಗೆ ವಾಸನೆ ಹೊಡೆಯುತ್ತಿದ್ದರೂ ಏನೂ ಬರೆದುಕೊಳ್ಳದೆ ತಟ್ಟೆ ಇಟ್ಟು ಬಂದೆ. ಆ ವರ್ಷದ ವರದಿಯಲ್ಲಿ ಹದಿನಾಲ್ಕನೆಯ ಮನೆ ಇಡೀ ತಾಲೂಕಿನಲ್ಲೇ ಅತಿ ಶುದ್ಧವಾದ ಮನೆ. ಮಧುಕರ ಸರ್ ತಿಂಗಳುಗಟ್ಟಲೆ ಅದರ ಕಾರಣ ಹುಡುಕಿದರು. ಹೊಳೆಯ ಗಾಳಿಯೋ, ಉಪ್ಪಿನ ಅಂಶವೋ ಎಂದು. ಕೊನೆಗೆ ನಾನೇ ಫಿನಾಯಿಲಿನ ವಿಷಯ ಬಾಯಿಬಿಟ್ಟೆ. ಅವರು ಕೊಂಕಣಿಯಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ನನ್ನ ಊರಿನಲ್ಲೇ ಆಯಿತು. ಬೆಳಂಬಾರದಲ್ಲಿ ಸೀತೆ (ಇದೂ ಬದಲಿಸಿದ ಹೆಸರೇ) ಎಂಬವಳು ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದಳು. ಅವಳ ಮನೆಯ ತಟ್ಟೆಯಲ್ಲಿ ಒಂದು ಕಪ್ಪು ಬೂಷ್ಟು ಚಂದವಾಗಿ ಬೆಳೆದಿತ್ತು. ಪ್ರತಿ ಮನೆಯಲ್ಲೂ ಇರುವಂಥದ್ದೇ. ನಾನು ಪಕ್ಕದ ಮನೆಯಲ್ಲಿ ಕೂತು, "ಸೀತೆ ಮನೇದು ನೋಡ್ಬೇಕಿತ್ತು, ಕರೀ ಕಂಬಳಿ ಹಾಸಿದ ಹಾಗೆ" ಎಂದು ಬಣ್ಣಿಸಿದೆ. ಹೇಳುವಾಗ ನನಗೆ ಇದ್ದದ್ದು ಸಂತೋಷ, ಬೇರೇನೂ ಅಲ್ಲ. ಒಂದು ವಾರದಲ್ಲಿ ಸೀತೆಯ ಹಪ್ಪಳ ಕೊಳ್ಳುವವರಿಲ್ಲ. ಅವಳು ನನ್ನನ್ನು ಬೈಯಲಿಲ್ಲ. ನಮ್ಮ ಮನೆ ಮುಂದೆ ಹಾದುಹೋಗುವಾಗ ಮುಖ ಬೇರೆ ಕಡೆ ಮಾಡಿದಳು. ಅದು ಬೈಗುಳಕ್ಕಿಂತ ನಾಟಿತು. ಮರುದಿನ ಅವಳ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿದೆ. ಆಮೇಲೆ ಆ ಕೇರಿಯ ಒಂದೊಂದು ಮನೆಗೂ ಹೋಗಿ, ಆ ಬೂಷ್ಟು ನಿಮ್ಮ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲೂ ಇದೆ ಎಂದು ತಿಳಿಸಿ, ಅವರೆದುರೇ ಸೀತೆಯ ಹಪ್ಪಳ ಸುಡಿಸಿಕೊಂಡು ತಿಂದೆ. ವ್ಯಾಪಾರ ಹಳೆಯ ದಾರಿಗೆ ಬರಲು ಒಂದು ಮಳೆಗಾಲ ಕಳೆಯಬೇಕಾಯಿತು. ಅಂದಿನಿಂದ ನಮ್ಮ ಪುಸ್ತಕದಲ್ಲಿ ಯಾರ ಹೆಸರೂ ಬರಲಿಲ್ಲ. ಮನೆಗೆ ಒಂದು ಸಂಖ್ಯೆ, ಕೋಣೆಗೆ ಒಂದು ಅಕ್ಷರ. ಹೊಸ ಹುಡುಗಿಯರೇ, ಆ ಸಂಖ್ಯೆಗಳನ್ನು ಹಗುರವಾಗಿ ತಿಳಿಯಬೇಡಿ. ಅದರ ಹಿಂದೆ ಒಬ್ಬ ಹೆಂಗಸಿನ ಅನ್ನವಿದೆ.

ವರ್ಷಗಳು ಹೋದವು. ನಮ್ಮ ಪುಸ್ತಕಗಳು ಕಪಾಟು ತುಂಬಿದವು. ಹದಿನಾಲ್ಕನೆಯ ಮನೆಗೆ ನಾನು ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ದೇವಕಿಗೆ ಇಬ್ಬರು ಮಕ್ಕಳಾದರು, ಅವಳ ಮಾವ ತೀರಿಕೊಂಡರು, ಕೊಟ್ಟಿಗೆಗೆ ಇನ್ನೆರಡು ಆಕಳು ಬಂದವು. ಮಳೆಗಾಲದಲ್ಲಿ ಹೋದಾಗಲೆಲ್ಲ ಅವಳು ಕೆಮ್ಮುತ್ತಿದ್ದಳು. ಸಂಜೆಯಾದರೆ ಜ್ವರ ಬಂದ ಹಾಗಾಗಿ ಮೈ ನಡುಗುವುದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಸ್ತಮಾ ಎಂದು ಒಬ್ಬರು, ಕ್ಷಯವಿರಬಹುದೆಂದು ಇನ್ನೊಬ್ಬರು ಔಷಧಿ ಕೊಟ್ಟಿದ್ದರು. ಗುಣವಾಗುತ್ತಿದ್ದದ್ದು ಒಂದೇ ಕಡೆ. ಅಂಕೋಲೆಯ ಹತ್ತಿರದ ತವರಿಗೆ ಹೋಗಿ ಹತ್ತು ದಿನ ಇದ್ದರೆ ಕೆಮ್ಮು ಇಳಿಯುತ್ತಿತ್ತು. ತಿರುಗಿ ಕಿನ್ನರಕ್ಕೆ ಬಂದರೆ ಮತ್ತೆ ಅದೇ.

"ಅದು ಕೆಮ್ಮಲ್ಲ, ತವರಿನ ನೆವ" ಎಂದು ಅತ್ತೆ ನನ್ನೆದುರೇ ಹೇಳಿದರು. ಅವಳ ಗಂಡ ಅಂಗಳದ ಕಡೆ ನೋಡುತ್ತ ನಿಂತಿದ್ದ. ನಾನು ತಟ್ಟೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಅದೆಲ್ಲ ಮನೆಯವರ ಮಾತು, ನನ್ನ ಪುಸ್ತಕಕ್ಕೆ ಸೇರಿದ್ದಲ್ಲ ಎಂದುಕೊಂಡಿದ್ದೆ.

ಮಧುಕರ ಸರ್ ನಿವೃತ್ತರಾಗುವ ಹೊತ್ತಿಗೆ ಶಿರೀನ್ ಮೇಡಂ ಬಂದರು. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು. ನನ್ನನ್ನು ಲಲಿತಕ್ಕ ಎನ್ನುತ್ತಿದ್ದರು. ಬಂದ ತಿಂಗಳೇ ಅವರು ನಮ್ಮ ಕಪಾಟನ್ನೆಲ್ಲ ಖಾಲಿ ಮಾಡಿ, ಪುಸ್ತಕಗಳಲ್ಲಿದ್ದದ್ದನ್ನು ಕಂಪ್ಯೂಟರಿಗೆ ಏರಿಸಲು ಕೂತರು. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳೆಲ್ಲ ಸೇರಿ ಒಂದು ಕೋಷ್ಟಕ ಮಾಡಿಕೊಂಡಿದ್ದವು. ಮನೆ, ಶಾಲೆ, ಕಚೇರಿಗಳ ಒಳಗೆ ಯಾವ ಜೀವಿ ಎಲ್ಲಿ ಸಿಕ್ಕಿತೆಂದು ಎಲ್ಲರೂ ಅದರಲ್ಲಿ ಬರೆಯುವುದು, ಎಲ್ಲರೂ ಓದುವುದು. ನಮ್ಮದನ್ನೂ ಅದಕ್ಕೆ ಸೇರಿಸಬೇಕು ಎಂಬುದು ಅವರ ಹಟ.

ನಾಲ್ಕು ದಿನವಾದ ಮೇಲೆ ನನ್ನನ್ನು ಕರೆದರು. "ಲಲಿತಕ್ಕ, ಇಲ್ಲಿ ಜಗಲಿ ಅಂತ ಇದೆ, ಇಲ್ಲಿ ಚಾವಡಿ, ಇಲ್ಲಿ ಸಾಲ, ಇಲ್ಲಿ ಹಾಲ್. ಇವು ನಾಲ್ಕು ಬೇರೆ ಕೋಣೆಗಳಾ?"

"ಅಲ್ಲ ಮೇಡಂ. ಹೊರಗಿನವರು ಬಂದರೆ ಕೂರುವ ಜಾಗ. ಜಗಲಿ ಅಂತ ನಾನು ಬರೆದದ್ದು. ಸಾಲ ಅಂದರೆ ಮಧುಕರ ಸರ್ ಬರೆದದ್ದು, ಅದು ಕೊಂಕಣಿ."

"ಜಗಲಿ ಅಂದರೆ ಹೊರಗೆ ತೆರೆದಿರತ್ತಾ, ಬಾಗಿಲಿನ ಒಳಗಾ?"

"ಒಂದೊಂದು ಮನೆಯಲ್ಲಿ ಒಂದೊಂದು ಥರ."

"ಇಲ್ಲಿ 'ಸೆಕೆ ಜಾಸ್ತಿ' ಅಂತಿದೆ. ಎಷ್ಟು ಡಿಗ್ರಿ?"

ಡಿಗ್ರಿ ನಾವು ಅಳೆದೇ ಇರಲಿಲ್ಲ. ಒಂದು ಪುಸ್ತಕದಲ್ಲಿ ತಟ್ಟೆ ಹದಿನೈದು ನಿಮಿಷ ತೆರೆದಿದೆ, ಇನ್ನೊಂದರಲ್ಲಿ ಅರ್ಧ ಗಂಟೆ, ಮೂರನೆಯದರಲ್ಲಿ ಎಷ್ಟು ಹೊತ್ತೆಂದೇ ಇಲ್ಲ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ತೂಗುವ ಹಾಗೇ ಇಲ್ಲ. ಮಳೆಯಲ್ಲಿ ನೆನೆದು, ದೋಣಿಯಲ್ಲಿ ದಾಟಿ, ನಾಯಿಗಳಿಂದ ಅಟ್ಟಿಸಿಕೊಂಡು ತಂದ ಎಷ್ಟೋ ವರ್ಷಗಳ ಗಾಳಿ ಅದು. ನನಗೆ ಅಳು ಬಂತು. "ಎಲ್ಲ ಸುಳ್ಳು ಅಂತೀರಾ ಮೇಡಂ?" ಎಂದೆ.

ಅವರು ಎದ್ದು ಬಂದು ನನ್ನ ಪಕ್ಕ ಕೂತರು. "ಸುಳ್ಳಲ್ಲ ಅಕ್ಕ. ನಿಮಗೆ ಗೊತ್ತಿರೋದು ಪುಸ್ತಕದಲ್ಲಿ ಇಲ್ಲ. ನೀವು ಎದುರಿಗಿದ್ದರೆ ಮಾತ್ರ ಇದು ಅರ್ಥ ಆಗತ್ತೆ. ನೀವಿಲ್ಲದ ದಿನ ಇದು ಮೂಕ."

ಆ ಮಾತು ನನ್ನ ಮನಸ್ಸಿಗೆ ಇಳಿಯಲು ಕೆಲವು ದಿನ ಬೇಕಾಯಿತು. ಇಳಿದ ಮೇಲೆ ನಾನೇ ಅವರಿಗೆ ಜೊತೆಯಾದೆ. ಹೊಸ ಫಾರ್ಮು ಬಂತು. ಜಗಲಿ, ಸಾಲ ಯಾವುದೇ ಇರಲಿ, ನಿಗದಿಯಾದ ಪದಗಳಲ್ಲಿ ಒಂದನ್ನೇ ಆರಿಸಬೇಕು. ಗಾಳಿಯನ್ನು ತಟ್ಟೆಗೆ ತಾನಾಗಿ ಬೀಳಲು ಬಿಡುವ ಬದಲು ಅಳತೆ ಮಾಡಿ ಎಳೆಯುವ ಸಣ್ಣ ಯಂತ್ರ ಬಂತು. ತಟ್ಟೆಯಲ್ಲಿ ಬೆಳೆಯದ ಜೀವಿಗಳನ್ನೂ ಅವುಗಳ ಡಿಎನ್ಎಯಿಂದ ಗುರುತಿಸುವ ವಿಧಾನ ಬಂತು. ನಾವು ಅಷ್ಟು ವರ್ಷ ಕಂಡದ್ದು ಜಾತ್ರೆಗೆ ಬಂದವರಲ್ಲಿ ಮುಂದಿನ ಸಾಲಿನವರನ್ನು ಮಾತ್ರ ಎಂದು ಆಗ ತಿಳಿಯಿತು.

ಅದರಲ್ಲೂ ಒಂದು ಫಜೀತಿ. ಆ ವಿಧಾನದಲ್ಲಿ ಮೊದಲ ಸಲ ಪರೀಕ್ಷೆಗೆ ಕಳಿಸಿದಾಗ ಎಲ್ಲ ಮನೆಗಳಲ್ಲೂ ಒಂದೇ ಜೀವಿ ಕಾಣಿಸಿತು. ಕಿನ್ನರದಲ್ಲೂ ಅದೇ, ತೋಡೂರಿನಲ್ಲೂ ಅದೇ. ಕರಾವಳಿಯ ಮನೆಗಳಿಗೇ ವಿಶೇಷವಾದದ್ದೇನೋ ಸಿಕ್ಕಿತೆಂದು ನಾನು ಕುಣಿದಾಡಿದೆ. ಮೇಡಂ ಮಾತ್ರ, ಯಾವ ಮನೆಯಲ್ಲೂ ತೆರೆಯದೆ ಚೀಲದಲ್ಲೇ ಸುತ್ತಾಡಿಸಿ ತಂದಿದ್ದ ಖಾಲಿ ಮಾದರಿಯನ್ನು ನೋಡಿದರು. ಅದರಲ್ಲೂ ಅದೇ ಜೀವಿ. ಅದು ಮನುಷ್ಯರ ಚರ್ಮದ ಮೇಲಿರುವಂಥದ್ದು. ಎಲ್ಲ ಮನೆಗಳಿಗೂ ಹೋದ ಚರ್ಮ ಒಂದೇ, ನನ್ನದು. ಖಾಲಿಯದೂ ಸೇರಿ ಎಲ್ಲ ಮಾದರಿಗಳನ್ನು ಸಿದ್ಧಮಾಡುವಾಗ ಕೈಗವಸು ಹರಿದಿದ್ದನ್ನು ನಾನು ನೋಡಿರಲಿಲ್ಲ. ಖಾಲಿ ಮಾದರಿಯನ್ನು ಜೊತೆಗೆ ಒಯ್ಯುವುದು ದಂಡ ಎಂದು ಗೊಣಗುತ್ತಿದ್ದವಳು ಅಂದಿನಿಂದ ಬಾಯಿ ಮುಚ್ಚಿದೆ.

ಮಧುಕರ ಸರ್ ನಿವೃತ್ತಿಯಾದರೂ ವಾರಕ್ಕೊಮ್ಮೆ ಬರುತ್ತಿದ್ದರು. ಕೋಷ್ಟಕದ ಸುದ್ದಿ ಕೇಳಿ ಅವರಿಗೆ ಸರಿಬರಲಿಲ್ಲ.

"ನಾವು ಬೆವರು ಸುರಿಸಿ ತಂದದ್ದನ್ನು ಎಲ್ಲಿಯವರೋ ಕೂತಲ್ಲೇ ತಗೊಂಡು ಅವರ ಹೆಸರಲ್ಲಿ ಬರೀತಾರೆ. ನಿಮಗೆ ಅರ್ಥ ಆಗೂದಿಲ್ಲ" ಎಂದರು.

"ಬರೀಲಿ ಸರ್" ಎಂದರು ಶಿರೀನ್ ಮೇಡಂ. "ನಮ್ಮ ಕಪಾಟಿನಲ್ಲಿ ಇಷ್ಟು ವರ್ಷ ಇತ್ತಲ್ಲ, ನಾವೇನು ಬರೆದೆವು?"

ಸರ್ ಎದ್ದು ಹೋದರು. ತಮ್ಮ ಸ್ವಂತ ಟಿಪ್ಪಣಿಗಳ ಪುಸ್ತಕಗಳನ್ನು ಅವರು ಮನೆಯಲ್ಲೇ ಇಟ್ಟುಕೊಂಡಿದ್ದರು. ಅವನ್ನು ಕೊಡುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರು. ನನಗೆ ಇಬ್ಬರ ಮೇಲೂ ಗೌರವ. ಯಾರ ಪರ ಮಾತಾಡಲೂ ತಿಳಿಯದೆ ತಟ್ಟೆ ತೊಳೆಯುತ್ತ ನಿಂತಿದ್ದೆ.

ಕೋಷ್ಟಕದ ಜೊತೆ ಬಂದ, ಎಲ್ಲರೂ ಒಂದೇ ರೀತಿ ಮಾಡಬೇಕೆಂದು ಹೇಳುವ ಕೈಪಿಡಿಯಲ್ಲಿ ಒಂದು ಮಾತಿತ್ತು. ಪ್ರತಿ ಕೋಣೆಯ ಒಂದು ತಟ್ಟೆಯನ್ನು ಐವತ್ತೈದು ಡಿಗ್ರಿ ಕಾವಿನಲ್ಲೂ ಇಡಬೇಕು. ನಾವು ಅಷ್ಟು ವರ್ಷ ಇಡುತ್ತಿದ್ದದ್ದು ಮೈ ಬಿಸಿಯಷ್ಟರಲ್ಲಿ, ಇಲ್ಲವೇ ಅದಕ್ಕಿಂತ ಕಡಿಮೆಯಲ್ಲಿ. "ಅಷ್ಟು ಬಿಸಿಯಲ್ಲಿ ಏನು ಬದುಕ್ತದೆ ಮೇಡಂ? ಮೀಯುವ ನೀರೇ ಅಷ್ಟು ಬಿಸಿ ಇರೂದಿಲ್ಲ" ಎಂದೆ. "ಇಡೋಣ ಅಕ್ಕ. ಎಲ್ಲರೂ ಇಡ್ತಾರೆ, ನಾವೂ ಇಡೋಣ" ಎಂದರು. ಇನ್ನೊಂದು ಪೆಟ್ಟಿಗೆ ಬಂತು. ತಟ್ಟೆ ಒಣಗಬಾರದೆಂದು ಒಳಗೊಂದು ಬಟ್ಟಲು ನೀರು ಇಟ್ಟೆ.

ಆ ಮಳೆಗಾಲದ ಮಾದರಿಗಳು ಪೆಟ್ಟಿಗೆ ಸೇರಿದವು. ಎರಡು ದಿನ ಬಿಟ್ಟು ಬಾಗಿಲು ತೆಗೆದು ಒಂದೊಂದೇ ತಟ್ಟೆ ಬೆಳಕಿಗೆ ಹಿಡಿದೆ. ತೋಡೂರಿನ ಮನೆಗಳು ಖಾಲಿ. ಬೆಳಂಬಾರದವು ಖಾಲಿ, ಅಲ್ಲೊಂದು ಇಲ್ಲೊಂದು ಚುಕ್ಕೆ. ನಾನು ಹೇಳಿದ್ದೇ ಸರಿ ಎಂದುಕೊಳ್ಳುತ್ತಿದ್ದೆ. ಆಗ ಕಿನ್ನರದ ಹದಿನಾಲ್ಕನೆಯ ಮನೆ, ಒಳಕೋಣೆಯ ತಟ್ಟೆ ಕೈಗೆ ಬಂತು. ಅದರಲ್ಲಿ ಬೆರಳಿಡಲು ಜಾಗವಿರಲಿಲ್ಲ. ಯಾರೋ ರಂಗೋಲಿ ಪುಡಿಯನ್ನು ಮುಷ್ಟಿ ತುಂಬ ಎರಚಿದ ಹಾಗೆ ಬೆಳ್ಳಗೆ, ಹುಡಿಹುಡಿಯಾಗಿ. ಅದೇ ಮನೆಯ ಅಡುಗೆಕೋಣೆಯ ತಟ್ಟೆಯಲ್ಲಿ ಹೆಚ್ಚೇನೂ ಇಲ್ಲ.

ಆ ಕೋಣೆಗೆ ಎಷ್ಟು ವರ್ಷದಿಂದ ಹೋಗುತ್ತಿದ್ದೆ. ಪ್ರತಿ ಸಲವೂ ಇವು ಅಲ್ಲಿದ್ದವು. ನಾವು ಅವಕ್ಕೆ ಬೇಕಾದಷ್ಟು ಬಿಸಿ ಕೊಡಲಿಲ್ಲ, ಅವು ನಮಗೆ ಕಾಣಿಸಿಕೊಳ್ಳಲಿಲ್ಲ.

ಮೇಡಂ ಎಣಿಸಿ, ಚಿತ್ರ ತೆಗೆದು, ಫಾರ್ಮಿನ ಜೊತೆ ಕೋಷ್ಟಕಕ್ಕೆ ಸೇರಿಸಿದರು. ಮನೆ ಸಂಖ್ಯೆ ಹದಿನಾಲ್ಕು, ಮಲಗುವ ಕೋಣೆ, ಒಂದು ಕಿಟಕಿ, ಮುಚ್ಚಿದೆ. ಹೆಸರಿಲ್ಲ, ಊರಿನ ಗುರುತಿಲ್ಲ.

ಕೆಲವು ದಿನಗಳ ಮೇಲೆ ಬೆಳಿಗ್ಗೆ ನಾನು ಚೀಲ ಇಳಿಸುವಷ್ಟರಲ್ಲಿ ಮೇಡಂ ಕರೆದರು. ಯಾವುದೋ ದೂರದ ಚಳಿಯ ದೇಶದ ಸಂಶೋಧಕಿಯೊಬ್ಬರಿಂದ ಪತ್ರ ಬಂದಿತ್ತು. ಮೇಡಂ ನನಗೆ ಕನ್ನಡದಲ್ಲಿ ಓದಿ ಹೇಳಿದರು. "ನಿಮ್ಮ ಹದಿನಾಲ್ಕನೆಯ ಮನೆಯ ಅಂಕಿ ನೋಡಿದೆ. ನಮ್ಮಲ್ಲಿ ದನಕರು ಸಾಕುವವರ ಮನೆಗಳಲ್ಲಿ ಚಳಿಗಾಲಕ್ಕೆ ಕೂಡಿಟ್ಟ ಹುಲ್ಲು ಒದ್ದೆಯಾದಾಗ ಇಂಥದ್ದೇ ಕಾಣುತ್ತೇವೆ. ಆ ಮಲಗುವ ಕೋಣೆಯ ಹತ್ತಿರ ಹುಲ್ಲು ಇದೆಯೇ? ಆ ಮನೆಯಲ್ಲಿ ಯಾರಿಗಾದರೂ ಉಸಿರಿನ ತೊಂದರೆ ಇದೆಯೇ?"

ಆ ಹೆಂಗಸು ಕಿನ್ನರವನ್ನು ಕಂಡವಳಲ್ಲ. ಕಾಳಿ ಹೊಳೆ ಎಲ್ಲಿದೆ ಎಂದೂ ಗೊತ್ತಿರಲಿಕ್ಕಿಲ್ಲ. ಅಲ್ಲಿ ಕೂತು ದೇವಕಿಯ ತಲೆಯ ಮೇಲೆ ಏನಿದೆ ಎಂದು ಕೇಳುತ್ತಿದ್ದಾಳೆ.

"ಅದೆ ಮೇಡಂ" ಎಂದೆ. "ಆ ಕೋಣೆಯ ಮೇಲೆ ಅಟ್ಟ. ಮಳೆಗಾಲಕ್ಕೆ ಆಕಳಿಗೆ ಬೇಕಾದ ಹುಲ್ಲಿನ ಕಟ್ಟೆಲ್ಲ ಅಲ್ಲೇ. ಮಾಡು ಸೋರಿ ಒದ್ದೆಯಾಗ್ತದೆ. ದಿನಾ ಏಣಿ ಹತ್ತಿ ಅದನ್ನು ಇಳಿಸೂದು ಆ ಮನೆ ಸೊಸೆ. ಮಲಗೂದೂ ಅದೇ ಕೋಣೆಯಲ್ಲಿ. ಮಳೆಗಾಲ ಬಂದರೆ ಅವಳಿಗೆ ಉಸಿರು ಕಟ್ತದೆ. ತವರಿಗೆ ಹೋದರೆ ಗುಣ ಆಗ್ತದೆ."

ಮೇಡಂ ನನ್ನನ್ನೇ ನೋಡಿದರು. "ಇದೆಲ್ಲ ನಿಮಗೆ ಯಾವಾಗಿನಿಂದ ಗೊತ್ತು ಅಕ್ಕ?"

ಯಾವಾಗಿನಿಂದಲೋ ಗೊತ್ತಿತ್ತು. ಬರೆಯಲು ಕಾಲಮ್ಮು ಇರಲಿಲ್ಲ, ನಾನೂ ಬರೆದಿರಲಿಲ್ಲ.

ಅದೇ ವಾರ ನಾವಿಬ್ಬರೂ ಕಿನ್ನರಕ್ಕೆ ಹೋಗಿ ದೇವಕಿಯನ್ನೂ ಅವಳ ಗಂಡನನ್ನೂ ಕರೆದುಕೊಂಡು ಕಾರವಾರದಲ್ಲಿ ಎದೆರೋಗದ ವೈದ್ಯರೊಬ್ಬರ ಬಳಿ ಹೋದೆವು. ಮೇಡಂ ತಟ್ಟೆಯ ಚಿತ್ರ, ಅಂಕಿಗಳನ್ನೆಲ್ಲ ಮುಂದಿಟ್ಟರು. ವೈದ್ಯರು ಮತ್ತೆ ಮತ್ತೆ ನೋಡಿ, ದೇವಕಿಯನ್ನು ಪರೀಕ್ಷಿಸಿ, ಎದೆಯ ಸ್ಕ್ಯಾನ್ ಮಾಡಿಸಿದರು, ರಕ್ತ ತೆಗೆಸಿದರು. ವರದಿಗಳು ಬಂದ ಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಒದ್ದೆ ಹುಲ್ಲು ತನ್ನೊಳಗೇ ಬಿಸಿಯಾಗುತ್ತದೆ, ಆ ಬಿಸಿಯಲ್ಲಿ ಈ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಹುಡಿಯಾಗಿ ಗಾಳಿಗೆ ಸೇರುತ್ತವೆ. ಎಲ್ಲರಿಗೂ ಏನೂ ಆಗುವುದಿಲ್ಲ. ಕೆಲವರ ಶ್ವಾಸಕೋಶ ಅದನ್ನು ತಡೆದುಕೊಳ್ಳುವುದಿಲ್ಲ. ಹುಲ್ಲಿನಿಂದ ದೂರವಿರುವುದೇ ಮೊದಲ ಔಷಧಿ.

"ಪೂರ್ತಿ ಗುಣ ಆಗ್ತದಾ ಡಾಕ್ಟ್ರೆ?" ಎಂದು ಗಂಡ ಕೇಳಿದ.

"ಶ್ವಾಸಕೋಶದ ಸ್ವಲ್ಪ ಭಾಗ ಗಟ್ಟಿಯಾಗಿ ಹೋಗಿದೆ. ಅದು ಹಿಂದೆ ಬರೂದಿಲ್ಲ. ಉಳಿದದ್ದನ್ನು ಉಳಿಸಬಹುದು. ಇನ್ನೂ ಎರಡು ಮಳೆಗಾಲ ಹೀಗೇ ಕಳೆದಿದ್ದರೆ ನಾನು ಈ ಮಾತು ಹೇಳ್ತಿರಲಿಲ್ಲ."

ಅವನು ತಲೆ ತಗ್ಗಿಸಿದ. ಮರುದಿನವೇ ಅಟ್ಟದ ಹುಲ್ಲನ್ನೆಲ್ಲ ತಾನೇ ಇಳಿಸಿ, ಮನೆಯಿಂದ ದೂರ ಗದ್ದೆಯ ಅಂಚಿನಲ್ಲಿ ಒಂದು ಮಾಡು ಕಟ್ಟಿ ಅಲ್ಲಿಗೆ ಸಾಗಿಸಿದ. ಆಕಳಿಗೆ ಹುಲ್ಲು ಹಾಕುವ ಕೆಲಸ ಅವನದಾಯಿತು. ಅಟ್ಟವನ್ನು ತೊಳೆದು ಬಿಸಿಲಿಗೆ ಬಿಟ್ಟರು.

ಮುಂದಿನ ಮಳೆಗಾಲ ನಾನು ಹೋದಾಗ ದೇವಕಿ ಗದ್ದೆಯಿಂದ ಬಂದು ಬಾವಿಕಟ್ಟೆಯ ಬಳಿ ಕಾಲು ತೊಳೆಯುತ್ತಿದ್ದಳು. ಎರಡು ಕೊಡ ನೀರು ಎತ್ತಿಕೊಂಡು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದಳು. ಆ ಮನೆಯಲ್ಲಿ ಮಳೆಗಾಲದಲ್ಲಿ ಕೆಮ್ಮಿಲ್ಲದ ಮೌನವನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಮೂಲೆಯಲ್ಲಿ ಕೂತು ತೆಂಗಿನಗರಿ ಹೆಣೆಯುತ್ತಿದ್ದರು.

ನಾನು ಹೊರಡುವಾಗ ದೇವಕಿ ಬೇಲಿಯ ತನಕ ಬಂದಳು. "ಅಕ್ಕಾ, ಒಂದು ಉಪಕಾರ ಮಾಡ್ಬೇಕು."

"ಹೇಳು."

"ನಾ ನೆವ ಹೇಳ್ತಿರ್ಲಿಲ್ಲ ಅಂತ ಒಂದು ಕಾಗದದ ಮೇಲೆ ಬರ್ಕೊಡಿ. ಕನ್ನಡದಲ್ಲಿ. ನಮ್ಮತ್ತೆಗೆ ಓದೂಕೆ ಬರ್ತದೆ."

ಮೇಡಂ ತಾವೇ ಕೂತು ಬರೆದರು. ಇವರಿಗೆ ಇದ್ದ ಕಾಯಿಲೆ ನಿಜವಾದದ್ದು, ಅದಕ್ಕೆ ಕಾರಣ ಮನೆಯೊಳಗಿನ ಗಾಳಿಯಲ್ಲಿ ಸಿಕ್ಕಿದೆ, ಮನೆ ಬಿಟ್ಟು ಬೇರೆಡೆ ಇದ್ದಾಗ ಗುಣವಾಗುತ್ತಿದ್ದದ್ದು ಆ ಕಾಯಿಲೆಯ ಲಕ್ಷಣವೇ. ನಾಲ್ಕೇ ಸಾಲು. ಕೆಳಗೆ ಸಹಿ, ಮೊಹರು. ನಾನು ಒಯ್ದು ಕೊಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಎರಡನೆಯ ಸಲವೂ ಓದಿದರು. ಆಮೇಲೆ ಕಾಗದವನ್ನು ಮಡಚಿ ಸೊಸೆಯ ಕೈಗೆ ಕೊಟ್ಟು, "ಒಳಗಿಡು, ಒದ್ದೆ ಆಗ್ತದೆ" ಎಂದರು. ಅಷ್ಟೇ. ಆದರೆ ಆ ದಿನ ನನಗೆ ಊಟ ಮಾಡದೆ ಹೋಗಲು ಬಿಡಲಿಲ್ಲ, ದೇವಕಿಗೂ ನನ್ನ ಪಕ್ಕದಲ್ಲೇ ಎಲೆ ಹಾಕಿಸಿ ತಾವೇ ಬಡಿಸಿದರು.

ಈ ಸಂಗತಿಯನ್ನು ಮಧುಕರ ಸರ್‌ಗೆ ನಾನೇ ಹೇಳಿದೆ. "ಐವತ್ತೈದು ಡಿಗ್ರಿ" ಎಂದು ತಮ್ಮಷ್ಟಕ್ಕೆ ಎರಡು ಸಲ ಹೇಳಿಕೊಂಡರು. ಮುಂದಿನ ವಾರ ರಿಕ್ಷಾದಲ್ಲಿ ಬಂದಿಳಿದರು. ಜೊತೆಗೆ ಎರಡು ಗೋಣಿಚೀಲ ಟಿಪ್ಪಣಿ ಪುಸ್ತಕಗಳು.

"ಶಿರೀನ್, ಇದರಲ್ಲಿ ಅರ್ಧ ಕೊಂಕಣಿ, ಅರ್ಧ ನನ್ನ ಕೆಟ್ಟ ಅಕ್ಷರ. ನಾನು ಇರುವಾಗಲೇ ಕೇಳಿಕೊಳ್ಳಿ" ಎಂದರು.

ನನ್ನ ಸೇವೆಯ ಕೊನೆಯ ಎರಡು ವರ್ಷ ಹೆಚ್ಚಿನ ಹೊತ್ತು ನಾನು ಮಾಡಿದ ಕೆಲಸ ಅದೇ. ಸರ್ ಓದುವರು, ನಾನು ಕೇಳುವೆ. ಆ ಕೋಣೆಗೆ ಕಿಟಕಿ ಇತ್ತಾ ಸರ್? ಆಗ ಮಳೆ ಶುರುವಾಗಿತ್ತಾ? ಅವರು ಕಣ್ಣು ಮುಚ್ಚಿ, ಆ ಮನೆಯ ಬಾಗಿಲಿನಿಂದ ಒಳಗೆ ನಡೆದು ಹೋಗುವವರಂತೆ ಒಂದೊಂದನ್ನೇ ನೆನೆದು ಹೇಳುವರು. ಗೊತ್ತಿಲ್ಲದಿದ್ದರೆ, "ಗೊತ್ತಿಲ್ಲ ಅಂತಲೇ ಬರಿ. ಊಹೆ ಮಾಡಿ ತುಂಬಬೇಡ" ಎನ್ನುವರು. ಅವರಿಂದ ನಾನು ಕಲಿತ ಕೊನೆಯ ಪಾಠ ಅದು. ನಿಮಗೂ ಅದನ್ನೇ ದಾಟಿಸುತ್ತೇನೆ.

ಚಳಿಯ ದೇಶದ ಆ ಸಂಶೋಧಕಿ ಇನ್ನೊಂದು ಕೆಲಸ ಮಾಡಿದಳು. ಕಿನ್ನರದ ಅಟ್ಟದ ಸಂಗತಿಯನ್ನು ಹೇಳಿ, ಎಲ್ಲರೂ ತುಂಬುವ ಫಾರ್ಮಿಗೆ ಒಂದು ಹೊಸ ಕಾಲಮ್ಮು ಬೇಕೆಂದು ಕೋಷ್ಟಕದ ಪಾಲುದಾರರನ್ನೆಲ್ಲ ಕೇಳಿಕೊಂಡಳು. ಚರ್ಚೆ ತುಂಬ ನಡೆಯಿತಂತೆ. ಕೊನೆಗೆ ಒಪ್ಪಿದರು. ಕೋಣೆಯ ಮೇಲ್ಭಾಗದಲ್ಲಿ ಏನು ಸಂಗ್ರಹಿಸಿದ್ದಾರೆ ಎಂಬ ಪ್ರಶ್ನೆ ಹಾಗೆ ಬಂದದ್ದು.

ನಾನು ನಿವೃತ್ತಳಾಗುವ ವಾರ, ಕೊಡಬೇಕಾದ ಬೀಗದ ಕೈಗಳನ್ನೆಲ್ಲ ಕೊಟ್ಟು ಸುಮ್ಮನೆ ಕೂತಿದ್ದೆ. ಮೇಡಂ ಕಂಪ್ಯೂಟರಿನಲ್ಲಿ ಆ ಒಂದೇ ಕಾಲಮ್ಮನ್ನು ತೆರೆದು ನನ್ನೆದುರು ತಿರುಗಿಸಿಟ್ಟರು. ಇಂಗ್ಲಿಷಿನಲ್ಲಿತ್ತು, ನಿಧಾನವಾಗಿ ಓದಿದೆ. ಹುಲ್ಲು. ಸೇಬುಹಣ್ಣು. ಮೀನುಬಲೆ. ಹಳೆಯ ಪತ್ರಿಕೆಗಳು. ಏನೂ ಇಲ್ಲ. ಜೋಳ. ಸತ್ತುಹೋದವರ ಬಟ್ಟೆಯ ಪೆಟ್ಟಿಗೆ. ಗೊತ್ತಿಲ್ಲ, ಏಣಿ ಸಿಗಲಿಲ್ಲ. ಉಣ್ಣೆ. ಪಾರಿವಾಳಗಳು. ಓದಿದಷ್ಟೂ ಕೆಳಗೆ ಇನ್ನೂ ಇತ್ತು. ನಾನು ಎಂದೂ ಕಾಣದ ಊರುಗಳಲ್ಲಿ, ನನ್ನ ಹಾಗೇ ಹೆಗಲಿಗೆ ಚೀಲ ಹಾಕಿಕೊಂಡ ಯಾರೋ ಒಬ್ಬರು ಯಾರದೋ ಮನೆಯ ಕೋಣೆಯಲ್ಲಿ ನಿಂತು, ತಲೆ ಎತ್ತಿ ಮೇಲೆ ನೋಡಿದ್ದರು.

ಒಂದು ಸಾಲಿನಲ್ಲಿ, "ತೊಟ್ಟಿಲು, ಬಳಕೆಯಲ್ಲಿಲ್ಲ" ಎಂದಿತ್ತು. ಆ ಮನೆಯ ಮಗು ದೊಡ್ಡದಾಯಿತೋ, ಉಳಿಯಲೇ ಇಲ್ಲವೋ, ಅದನ್ನು ಬರೆಯಲು ಮಾತ್ರ ಕಾಲಮ್ಮು ಇರಲಿಲ್ಲ.